ಎರಡು ರೂಪಾಯಿಯ ಪಾಳಿ

ಸಿರುಗುಪ್ಪದಿಂದ ಅಮೆರಿಕಕ್ಕೆ ಹೋಗುವ ತಾಯಿಯ ಪ್ರಯಾಣ ಶುರುವಾಗುವುದು ಬಸ್ ನಿಲ್ದಾಣದ ಬೆಂಚಿನ ಮೇಲೆ. ಮಗಳ ಬಾಣಂತನಕ್ಕೆ ಹೊರಟಿದ್ದಾಳೆ. ಎರಡು ದೊಡ್ಡ ಸೂಟ್‌ಕೇಸು, ಹೆಗಲಿಗೊಂದು ಚೀಲ, ಚೀಲದಲ್ಲಿ ಕಟಗ ರೊಟ್ಟಿಯ ಗಂಟು, ಕಳಿಸಿಕೊಡಲು ಬಂದ ಅರ್ಧ ಓಣಿ. ಸಿರುಗುಪ್ಪ ಪಟ್ಟಣಕ್ಕೆ ರೈಲಿಲ್ಲ. ಬಳ್ಳಾರಿಗೆ ಬಸ್ಸು ಹಿಡಿದು ಬರಬೇಕು. ಅಲ್ಲಿ ರಾತ್ರಿ ಬಸ್ಸಿಗೋ ಹಂಪಿ ಎಕ್ಸ್‌ಪ್ರೆಸ್ಸಿಗೋ ಕಾಯಬೇಕು. ಬೆಳಿಗ್ಗೆ ಬೆಂಗಳೂರಿನಲ್ಲಿಳಿದು ದೇವನಹಳ್ಳಿ ಕಡೆಯ ಬಸ್ಸಿಗೆ ಇನ್ನೊಮ್ಮೆ ಕಾಯಬೇಕು. ಕೊನೆಗೆ ಕೆಂಪೇಗೌಡ ವಿಮಾನ ನಿಲ್ದಾಣ. ಹಾರುವ ಮೊದಲೇ ನಾಲ್ಕು ಕಡೆ ಕಾದಾಯಿತು. ಕುರುಗೋಡಿನಿಂದ ಹೊರಡುವವರ ಕತೆಯೂ ಇದೇ, ಬಳ್ಳಾರಿಗೆ ಬರುವ ದಾರಿಯಷ್ಟೇ ತುಸು ಹತ್ತಿರ.

ನಾಲ್ಕನೆಯ ಕಡೆ, ಅಂದರೆ ವಿಮಾನ ನಿಲ್ದಾಣದಲ್ಲಿ, ಜೊತೆಗೆ ಬಂದ ಮಗ ಒಂದು ಭರವಸೆ ಕೊಡುತ್ತಾನೆ. "ಬಾ ಯವ್ವಾ, ಇಲ್ಲಿ ಲೌಂಜ್ ಐತಿ. ಕಾರ್ಡ್ ತೋರ್ಸಿದ್ರ ಎರಡು ರೂಪಾಯಿ ಹಿಡೀತಾರ, ಹೊಟ್ಟಿತುಂಬ ಊಟ." ಲೌಂಜ್ ಅಂದರೆ ವಿಮಾನಕ್ಕೆ ಕಾಯುವವರಿಗಾಗಿ ಮಾಡಿದ ವಿಶ್ರಾಂತಿಯ ಜಾಗ. ಮೆತ್ತನೆ ಕುರ್ಚಿ, ಬಿಸಿ ತಿಂಡಿ, ಕಾಫಿ, ಫೋನಿಗೆ ಕರೆಂಟು, ಸದ್ದಿಲ್ಲದ ಗಾಳಿ. ಹಾಗಂತ ಕೇಳಿ ಹೋದವರಿಗೆ ಈಚಿನ ವರ್ಷಗಳಲ್ಲಿ ಮೊದಲು ಕಾಣುವುದು ಬಾಗಿಲಿನಾಚೆಗೆ ಬೆಳೆದ ಪಾಳಿ. ಬೆಳಗಿನ ಹೊತ್ತಾದರೆ ಪಾಳಿ ಮತ್ತೂ ಉದ್ದ. ಒಳಗೆ ಹೋದರೆ ಕುರ್ಚಿ ಸಿಕ್ಕವರು ಏಳುವುದಿಲ್ಲ, ಸಿಗದವರು ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಿರುತ್ತಾರೆ. ಇಡ್ಲಿ ಇಟ್ಟ ಪಾತ್ರೆ ತುಂಬುವುದಕ್ಕಿಂತ ಬೇಗ ಬರಿದಾಗುತ್ತದೆ. ಎಂಜಲು ತಟ್ಟೆ ಎತ್ತುವ ಹುಡುಗರಿಗೆ ಉಸಿರು ಬಿಡಲು ಪುರುಸೊತ್ತಿಲ್ಲ. ನೆಮ್ಮದಿಗಾಗಿ ಮಾಡಿದ ಕೋಣೆ ಸಂತೆಯಾಗಿದೆ.

ಈ ಸಂತೆ ಹೇಗೆ ನೆರೆಯಿತು ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು. ವಿಮಾನ ಹತ್ತದವರಿಗೂ ಇದರಲ್ಲಿ ತಿಳಿಯುವ ಸಂಗತಿ ಇದೆ.

ಲೌಂಜ್ ಹುಟ್ಟಿದ್ದು ಆಯ್ದ ಕೆಲವರಿಗಾಗಿ. 1939ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ ನ್ಯೂಯಾರ್ಕಿನ ಲಾಗಾರ್ಡಿಯಾ ವಿಮಾನ ನಿಲ್ದಾಣದಲ್ಲಿ ಅಡ್ಮಿರಲ್ಸ್ ಕ್ಲಬ್ ಎಂಬ ಕೋಣೆ ತೆರೆಯಿತು. ವಿಮಾನ ಸಂಸ್ಥೆಯ ಲೌಂಜುಗಳಿಗೆ ಅದೇ ಮೊದಲು. ಒಳಗೆ ಹೋಗಲು ದುಡ್ಡಿದ್ದರೆ ಸಾಲದು, ಕಂಪನಿಯೇ ಕರೆಯಬೇಕಿತ್ತು. ಗಣ್ಯರು, ದೊಡ್ಡ ವ್ಯಾಪಾರಿಗಳು, ಸಂಸ್ಥೆಗೆ ಬೇಕಾದವರು. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ಕಂಪನಿ ತನ್ನಿಚ್ಛೆಯಂತೆ ತೀರ್ಮಾನಿಸುವುದು ತಾರತಮ್ಯವಲ್ಲವೇ ಎಂಬ ತಕರಾರು ಎದ್ದು, 1970ರ ದಶಕದ ಹೊತ್ತಿಗೆ ಶುಲ್ಕ ಕಟ್ಟಿದ ಯಾರು ಬೇಕಾದರೂ ಸದಸ್ಯರಾಗಬಹುದು ಎಂಬ ಪದ್ಧತಿ ಬಂತು. 1992ರಲ್ಲಿ ಪ್ರಯಾರಿಟಿ ಪಾಸ್ ಶುರುವಾಯಿತು. ಯಾವ ಕಂಪನಿಯ ವಿಮಾನದಲ್ಲಿ ಹೋದರೂ ಸರಿ, ಈ ಪಾಸ್ ಇದ್ದರೆ ಬೇರೆ ಬೇರೆ ಊರಿನ ಲೌಂಜಿಗೆ ಪ್ರವೇಶ. ಆಮೇಲೆ ಬ್ಯಾಂಕುಗಳು ಬಂದವು. ಕ್ರೆಡಿಟ್ ಕಾರ್ಡ್ ಮಾರಬೇಕು. ಕಾರ್ಡಿನ ಜೊತೆ ಏನಾದರೂ ಆಸೆ ತೋರಿಸಬೇಕು. ಲೌಂಜಿಗಿಂತ ಒಳ್ಳೆಯ ಆಸೆ ಯಾವುದಿದೆ? ಹೀಗೆ ಕಂಪನಿಯ ಕೈಯಲ್ಲಿದ್ದ ಬಾಗಿಲಿನ ಕೀಲಿ ಬ್ಯಾಂಕಿನ ಕೈಗೆ ಹೋಯಿತು.

ಭಾರತದಲ್ಲಿ ಇದಕ್ಕೆ ಇನ್ನೊಂದು ಕಾರಣ ಕೂಡಿಕೊಂಡಿತು, ಅದು ಅಪ್ಪಟ ಕರ್ನಾಟಕದ ಕಾರಣ. 2003ರಲ್ಲಿ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹಾರಾಟ ಶುರುಮಾಡಿತು. ಗೊರೂರಿನ ಆ ಮನುಷ್ಯ ಮಾಡಿದ್ದು ಸರಳ ಲೆಕ್ಕ. ಟಿಕೆಟ್ ದರ ಇಳಿಸಬೇಕು, ಅದಕ್ಕಾಗಿ ವಿಮಾನದೊಳಗಿನ ಪುಕ್ಕಟೆ ಊಟ, ಉಪಚಾರ ಎಲ್ಲ ಬಿಡಬೇಕು. 2006ರಲ್ಲಿ ಬಂದ ಇಂಡಿಗೋ ಅದೇ ದಾರಿಯಲ್ಲಿ ನಡೆದು ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಯಾಯಿತು. ಜನಸಾಮಾನ್ಯರು ವಿಮಾನ ಹತ್ತಿದರು, ಇದು ಸಣ್ಣ ಸಾಧನೆ ಅಲ್ಲವೇ ಅಲ್ಲ. ಆದರೆ ವಿಮಾನದೊಳಗಿನ ಊಟ ಹೋಯಿತು. ಹೊರಗೆ ನಿಲ್ದಾಣದ ಅಂಗಡಿಗಳಲ್ಲಿ ಒಂದು ದೋಸೆ, ಒಂದು ಕಾಫಿಗೆ ಬಳ್ಳಾರಿಯಲ್ಲಿ ಮನೆಮಂದಿಯೆಲ್ಲ ಒಗ್ಗರಣಿ-ಮಿರ್ಚಿ ತಿಂದು ಬರುವಷ್ಟು ಹಣ ಕೇಳುತ್ತಾರೆ. ಹಸಿದವನ ಮುಂದೆ ಎರಡು ದಾರಿ: ನೂರಾರು ರೂಪಾಯಿ ಕೊಟ್ಟು ಅಂಗಡಿಯಲ್ಲಿ ತಿನ್ನುವುದು, ಇಲ್ಲವೇ ಎರಡು ರೂಪಾಯಿಗೆ ಲೌಂಜಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದು. ಯಾರು ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂದು ಹೇಳಬೇಕಿಲ್ಲ. ಹೊರದೇಶದ ಲೌಂಜಿಗೆ ಜನ ಕೂರಲು ಹೋಗುವುದು ಹೆಚ್ಚು. ನಮ್ಮಲ್ಲಿ ಉಣ್ಣಲು ಹೋಗುವುದು ಹೆಚ್ಚು. ಅವರನ್ನು ಆಸೆಬುರುಕರೆಂದು ಆಡಿಕೊಳ್ಳುವವರಿದ್ದಾರೆ. ಅದು ತಪ್ಪು. ಹಸಿವಿಗೂ ದುಬಾರಿ ದೋಸೆಗೂ ನಡುವೆ ಸಿಕ್ಕಿದ ಜನ ಅವರು.

ಈ ಎರಡು ರೂಪಾಯಿಯ ಗುಟ್ಟೇನು? ಬಾಗಿಲಲ್ಲಿ ಕಾರ್ಡ್ ಉಜ್ಜಿದಾಗ ಹೋಗುವ ಎರಡು ರೂಪಾಯಿ ಊಟದ ಬೆಲೆಯಲ್ಲ. ಕಾರ್ಡ್ ಅಸಲಿಯೇ, ಚಾಲ್ತಿಯಲ್ಲಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವ ಕ್ರಮ ಅಷ್ಟೇ. ನಿಜವಾದ ಹಣ, ತಲೆಗೆ ನೂರಾರು ರೂಪಾಯಿಯಂತೆ, ಬ್ಯಾಂಕಿನಿಂದ ಅಥವಾ ಕಾರ್ಡ್ ಜಾಲದಿಂದ ಲೌಂಜ್ ನಡೆಸುವವರಿಗೆ ಆಮೇಲೆ ಸಲ್ಲುತ್ತದೆ. ನಡುವೆ ಲೆಕ್ಕ ನೋಡಿಕೊಳ್ಳುವ ಮಧ್ಯವರ್ತಿ ಸಂಸ್ಥೆ ಇರುತ್ತದೆ. ಅಂದರೆ ಲೌಂಜಿನವರಿಗೆ ಆದಾಯ ತಲೆ ಎಣಿಕೆಯಿಂದ. ಬಂದವನು ಕುರ್ಚಿಯಲ್ಲಿ ಕೂತನೋ ಗೋಡೆಗೆ ಒರಗಿದನೋ, ಬಿಲ್ಲಿನಲ್ಲಿ ವ್ಯತ್ಯಾಸವಿಲ್ಲ. ಬ್ಯಾಂಕಿಗೆ ಕಾರ್ಡ್ ಮಾರಾಟವಾಗಬೇಕು, ಮಧ್ಯವರ್ತಿಗೆ ಎಣಿಕೆ ಏರಬೇಕು, ಲೌಂಜಿಗೆ ತಲೆ ಹೆಚ್ಚಬೇಕು. ಕುರ್ಚಿ ಹೆಚ್ಚಬೇಕೆಂದು ಬಯಸುವವನು ಕಾಯುವವನೊಬ್ಬನೇ. ಅವನೋ ಕೊಟ್ಟದ್ದು ಎರಡು ರೂಪಾಯಿ, ಹಾಗಾಗಿ ಗಟ್ಟಿಯಾಗಿ ಕೇಳಲು ಸಂಕೋಚ.

ಸಂಖ್ಯೆಗಳನ್ನು ನೋಡಿ. 2019ರ ಮಾರ್ಚಿನಲ್ಲಿ ದೇಶದಲ್ಲಿ ಚಾಲ್ತಿಯಲ್ಲಿದ್ದ ಕ್ರೆಡಿಟ್ ಕಾರ್ಡುಗಳು ಸುಮಾರು 4.7 ಕೋಟಿ. 2024ರ ಆರಂಭದಲ್ಲಿ ಅದು 10 ಕೋಟಿ ದಾಟಿತು. ಇದರ ಜೊತೆಗೆ ಲೌಂಜ್ ಸೌಲಭ್ಯವಿರುವ ರುಪೇ, ವೀಸಾ ಡೆಬಿಟ್ ಕಾರ್ಡುಗಳು ಬೇರೆ. ದೇಶದೊಳಗಿನ ವಿಮಾನ ಪ್ರಯಾಣಿಕರು 2014ರಲ್ಲಿ 6.7 ಕೋಟಿಯಷ್ಟಿದ್ದವರು 2024ರಲ್ಲಿ 16 ಕೋಟಿ ಮೀರಿದರು. 2008ರ ಮೇ 24ರಂದು ಬಾಗಿಲು ತೆರೆದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣವೊಂದರಲ್ಲೇ 2024ರಲ್ಲಿ 4 ಕೋಟಿಗೂ ಹೆಚ್ಚು ಜನ ಓಡಾಡಿದರು. 2022ರ ನವೆಂಬರ್ 11ರಂದು ಉದ್ಘಾಟನೆಯಾದ ಅಲ್ಲಿನ ಎರಡನೆಯ ಟರ್ಮಿನಲ್ ಬಿದಿರು, ತೂಗುವ ಗಿಡ, ನೀರಿನ ಹೊಂಡಗಳಿಂದ ಜಗತ್ತಿನ ಗಮನ ಸೆಳೆದಿದೆ, ಲೌಂಜುಗಳೂ ಮೊದಲಿಗಿಂತ ದೊಡ್ಡವಾಗಿವೆ. ಬೆಂಗಳೂರಿನ ಎಸ್‌ಟಿಡಿ ಸಂಖ್ಯೆಯನ್ನೇ ಹೆಸರಾಗಿಟ್ಟುಕೊಂಡ 080 ಲೌಂಜ್ ಅಲ್ಲಿದೆ. ಆದರೂ ಕಾರ್ಡ್ ಹುಟ್ಟುವ ವೇಗದಲ್ಲಿ ಕಟ್ಟಡ ಹುಟ್ಟುವುದಿಲ್ಲ.

ಇಲ್ಲೊಂದು ಸಣ್ಣ ಲೆಕ್ಕ. ಒಂದು ಲೌಂಜಿನಲ್ಲಿ 200 ಕುರ್ಚಿ ಇವೆಯೆನ್ನಿ. ಒಬ್ಬೊಬ್ಬರು ಎರಡು ತಾಸು ಕೂತರೆ ತಾಸಿಗೆ 100 ಜನರಿಗಷ್ಟೇ ಜಾಗ. ತಾಸಿಗೆ 130 ಜನ ಬಂದರೆ? ಮೊದಲ ತಾಸು ಯಾರಿಗೂ ತೊಂದರೆಯಿಲ್ಲ, ಎರಡನೆಯ ತಾಸು ಮುಗಿಯುವಾಗ 60 ಜನ ನಿಂತಿರುತ್ತಾರೆ. ಹೊಲಕ್ಕೆ ನೀರು ಹಾಯಿಸುವವರಿಗೆ ಇದನ್ನು ವಿವರಿಸಬೇಕಿಲ್ಲ, ಕಾಲುವೆಯ ತೂಬು ಎಷ್ಟು ಅಗಲವೋ ಅಷ್ಟೇ ನೀರು ಹೋದೀತು. ಮೇಲಾಗಿ ವಿಮಾನಗಳು ದಿನವಿಡೀ ಸಮನಾಗಿ ಹೊರಡುವುದಿಲ್ಲ. ರಾತ್ರಿ ನಿಂತ ವಿಮಾನಗಳೆಲ್ಲ ಬೆಳಿಗ್ಗೆ ಐದರಿಂದ ಎಂಟರೊಳಗೆ ಸಾಲಾಗಿ ಏಳುತ್ತವೆ. ಅವುಗಳಲ್ಲಿ ಹೋಗುವವರೆಲ್ಲ ನಸುಕಿನಲ್ಲೇ ಬಂದು ಸೇರುತ್ತಾರೆ, ಎಲ್ಲರೂ ಉಪವಾಸ. ಮಂಜು ಮುಸುಕಿ ಒಂದು ವಿಮಾನ ತಡವಾದರೂ ಒಳಗೆ ಕೂತವರು ಏಳುವುದಿಲ್ಲ, ತೂಬು ಕಟ್ಟಿಕೊಳ್ಳುತ್ತದೆ.

ನೂಕುನುಗ್ಗಲಿಗೂ ಗುಣಮಟ್ಟಕ್ಕೂ ಇರುವ ನಂಟು ಇಲ್ಲಿದೆ. ನೂರು ಜನಕ್ಕೆಂದು ಇದ್ದ ಅಡುಗೆಮನೆ ನೂರೈವತ್ತು ಜನಕ್ಕೆ ಬಡಿಸುವಾಗ ಮೊದಲು ಹೋಗುವುದು ಬಗೆ. ಪಲ್ಯ ಎರಡಿದ್ದದ್ದು ಒಂದಾಗುತ್ತದೆ, ಹಣ್ಣು ಮಾಯವಾಗುತ್ತದೆ, ಚಟ್ನಿ ತೆಳ್ಳಗಾಗುತ್ತದೆ. ಆಮೇಲೆ ಹೋಗುವುದು ಬಿಸಿ. ಕಡೆಗೆ ಹೋಗುವುದು ಶೌಚಾಲಯದ ಚೊಕ್ಕಟ, ಮತ್ತು ಒಮ್ಮೆ ಅದು ಹೋಯಿತೆಂದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಜನರ ಮನಸ್ಸಿಗೆ ನಾಟುವುದಿಲ್ಲ. ಒರೆಸುವವರ ಕೈಗಳು ಎರಡೇ ತಾನೆ? ಹೆಚ್ಚಿದ ಪ್ರತಿಯೊಬ್ಬ ಅತಿಥಿಯ ಭಾರ ಬೀಳುವುದು ಅವರ ಬೆನ್ನ ಮೇಲೆ. ಕಾರ್ಡ್ ಕೊಟ್ಟ ಬ್ಯಾಂಕಿನ ಮ್ಯಾನೇಜರಿಗೆ ಅದರ ಅರಿವೂ ಇರುವುದಿಲ್ಲ.

ಪರಿಣಾಮವಾಗಿ ಬ್ಯಾಂಕುಗಳು ಹಿಂದೆ ಸರಿಯತೊಡಗಿದವು. 2023ರ ಡಿಸೆಂಬರಿನಿಂದ ಎಚ್‌ಡಿಎಫ್‌ಸಿ ಬ್ಯಾಂಕ್ ತನ್ನ ಕೆಲವು ಕಾರ್ಡುಗಳಿಗೆ ಮೂರು ತಿಂಗಳಲ್ಲಿ ಒಂದು ಲಕ್ಷ ರೂಪಾಯಿ ಖರ್ಚು ಮಾಡಿದರಷ್ಟೇ ಲೌಂಜ್ ಎಂದಿತು. 2024ರ ಏಪ್ರಿಲಿನಿಂದ ಐಸಿಐಸಿಐ ಬ್ಯಾಂಕ್ ಹಲವು ಕಾರ್ಡುಗಳಿಗೆ ಹಿಂದಿನ ಮೂರು ತಿಂಗಳಲ್ಲಿ 35,000 ರೂಪಾಯಿಯ ಖರ್ಚು ಕಡ್ಡಾಯ ಮಾಡಿತು. ಮಧ್ಯವರ್ತಿ ಸಂಸ್ಥೆ ಡ್ರೀಮ್‌ಫೋಕ್ಸ್ ಕೂಡ ಏಟು ತಿಂದಿತು. ದೇಶದ ಕಾರ್ಡ್ ಲೌಂಜ್ ವ್ಯವಹಾರದ ಬಹುಪಾಲನ್ನು ಕೈಯಲ್ಲಿಟ್ಟುಕೊಂಡಿದ್ದ, 2022ರ ಸೆಪ್ಟೆಂಬರಿನಲ್ಲಿ ಷೇರುಪೇಟೆಗೆ ಬಂದಿದ್ದ ಈ ಸಂಸ್ಥೆ, ಸರಿಯಾಗಿ ಮೂರು ವರ್ಷಕ್ಕೆ, 2025ರ ಸೆಪ್ಟೆಂಬರಿನಲ್ಲಿ, ದೇಶದೊಳಗಿನ ಲೌಂಜ್ ಸೇವೆಯನ್ನೇ ನಿಲ್ಲಿಸಿತು. ವಿಮಾನ ನಿಲ್ದಾಣಗಳೂ ಲೌಂಜ್ ನಡೆಸುವವರೂ ಬ್ಯಾಂಕುಗಳ ಜೊತೆ ನೇರ ಒಪ್ಪಂದ ಮಾಡಿಕೊಳ್ಳುವ ಕಾಲ ಬಂದಿತ್ತು.

ಅಮೆರಿಕದಲ್ಲೂ ಇದೇ ಗೋಳು. ಡೆಲ್ಟಾ ವಿಮಾನ ಸಂಸ್ಥೆ 2022ರಲ್ಲಿ ವಿಮಾನ ಹೊರಡಲು ಮೂರು ತಾಸಿಗಿಂತ ಮೊದಲು ಬಂದವರನ್ನು ಲೌಂಜಿಗೆ ಬಿಡುವುದಿಲ್ಲ ಎಂದಿತು, 2025ರಿಂದ ಕೆಲವು ದುಬಾರಿ ಕಾರ್ಡಿನವರಿಗೂ ವರ್ಷಕ್ಕೆ ಹತ್ತೇ ಭೇಟಿ ಎಂದು ಗೆರೆ ಎಳೆಯಿತು. ಅಮೆರಿಕನ್ ಎಕ್ಸ್‌ಪ್ರೆಸ್ ಎಂಬ ಕಾರ್ಡ್ ಕಂಪನಿ 2023ರಿಂದ ತನ್ನ ಲೌಂಜಿಗೆ ಜೊತೆಗೆ ಬರುವ ಅತಿಥಿಗೆ 50 ಡಾಲರ್ ವಿಧಿಸಿತು. ಸಿರುಗುಪ್ಪದಿಂದ ಹೊರಟ ತಾಯಿ ಏಳು ಸಮುದ್ರ ದಾಟಿ ಇಳಿದ ಊರಿನಲ್ಲೂ ಪಾಳಿ ತಪ್ಪಲಿಲ್ಲ.

ಇಷ್ಟೆಲ್ಲ ನಿಯಮಗಳಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಎಲ್ಲವೂ ಯಾರನ್ನು ಹೊರಗಿಡಬೇಕು ಎಂಬ ಬಗ್ಗೆ ಇವೆ. ಹೊರಗಿಟ್ಟವರು ಎಲ್ಲಿ ಕಾಯಬೇಕು, ಏನು ಉಣ್ಣಬೇಕು ಎಂಬ ಬಗ್ಗೆ ಒಂದು ಮಾತೂ ಇಲ್ಲ. ಲೌಂಜಿನ ನಿಜವಾದ ರೋಗ ಲೌಂಜಿನೊಳಗೆ ಇಲ್ಲ. ಹೊರಗಿನ ಹಜಾರದಲ್ಲಿ ಸಾಕಷ್ಟು ಕುರ್ಚಿ, ಕೈಗೆಟುಕುವ ಬೆಲೆಯ ತಿಂಡಿ, ಕುಡಿಯುವ ನೀರು ಇದ್ದರೆ ಬಹಳ ಜನ ಆ ಪಾಳಿಯಲ್ಲಿ ನಿಲ್ಲುವುದೇ ಇಲ್ಲ. ಹಜಾರ ಕೆಟ್ಟಷ್ಟೂ ಕೋಣೆಯ ಮುಂದಿನ ಪಾಳಿ ಬೆಳೆಯುತ್ತದೆ.

ಈ ಮಾತಿಗೆ ಬಳ್ಳಾರಿ ಸೀಮೆಯಲ್ಲಿ ನೂರು ವರ್ಷಗಳ ಹಿಂದಿನ ಬೇರು ಇದೆ. 1917ರಲ್ಲಿ ಗಾಂಧೀಜಿ ಮುಂಬಯಿಯಿಂದ ಮದ್ರಾಸಿಗೆ ಮೂರನೆಯ ದರ್ಜೆಯಲ್ಲಿ ಪ್ರಯಾಣ ಮಾಡಿದರು. ರಾಯಚೂರು, ಗುಂತಕಲ್ ಮೇಲೆ ಹೋಗುವ ದಾರಿ ಅದು. 22 ಜನರಿಗೆಂದು ಬರೆದ ಡಬ್ಬಿಯಲ್ಲಿ 35ಕ್ಕೆ ಕಡಿಮೆಯಿಲ್ಲದಷ್ಟು ಜನ ತುಂಬಿದ್ದನ್ನು, ರಾಯಚೂರು ತಲುಪಿದ ಮೇಲೆ ಒತ್ತಡ ತಾಳಲಾರದಷ್ಟಾದದ್ದನ್ನು, ಶೌಚಾಲಯದ ಹೊಲಸನ್ನು, ನಿಲ್ದಾಣದ ಕೊಳಕು ತಿಂಡಿಯನ್ನು ಅವರು ಪತ್ರಿಕೆಗಳಿಗೆ ವಿವರವಾಗಿ ಬರೆದರು. ಅದು ಆಮೇಲೆ ಮೂರನೆಯ ದರ್ಜೆಯ ರೈಲು ಪ್ರಯಾಣದ ಬಗೆಗಿನ ಪುಸ್ತಿಕೆಯಾಗಿ ಹೊರಬಂತು. ಅವರ ಪ್ರಶ್ನೆ ಲೆಕ್ಕದ ಪ್ರಶ್ನೆಯಾಗಿತ್ತು: ಮೊದಲ ದರ್ಜೆಯ ಟಿಕೆಟ್ ಮೂರನೆಯದರ ಐದು ಪಟ್ಟು, ಹಾಗಿದ್ದರೆ ಮೂರನೆಯ ದರ್ಜೆಯವನಿಗೆ ಆ ಸೌಕರ್ಯದ ಐದನೆಯ ಒಂದು ಪಾಲಾದರೂ ಸಿಗಬೇಡವೇ? ಮೊದಲ ದರ್ಜೆಯ ಸುಖವನ್ನು ಕಿತ್ತುಕೊಳ್ಳಿ ಎಂದು ಅವರು ಕೇಳಿದ್ದಲ್ಲ, ಪಾಲು ಕೇಳಿದರು. 1921ರಲ್ಲಿ ಅವರು ಬಳ್ಳಾರಿಗೆ ಬಂದಾಗ ಇಲ್ಲಿನ ರೈಲು ನಿಲ್ದಾಣದಲ್ಲೇ ಹಲವು ತಾಸು ಕಳೆದದ್ದನ್ನು ಊರಿನವರು ಇಂದಿಗೂ ನೆನೆಯುತ್ತಾರೆ. ಮೂರನೆಯ ದರ್ಜೆ ಎಂಬ ಹೆಸರು ರೈಲಿನಿಂದ ಹೋದದ್ದು 1974ರಲ್ಲಿ.

ಹೆಸರು ಹೋದರೂ ಕಾಯುವವರ ದರ್ಜೆಗಳು ಉಳಿದಿವೆ. ರೈಲು ನಿಲ್ದಾಣದಲ್ಲಿ ಮೇಲ್ದರ್ಜೆಯವರಿಗೊಂದು ಕೋಣೆ, ಉಳಿದವರಿಗೊಂದು ಹಜಾರ, ಹಜಾರ ತುಂಬಿದರೆ ಪ್ಲಾಟ್‌ಫಾರ್ಮಿನ ಮೇಲೆ ಚಾದರ. ಈಚೆಗೆ ರೈಲ್ವೆಯದೇ ಸಂಸ್ಥೆಯಾದ ಐಆರ್‌ಸಿಟಿಸಿ ದೆಹಲಿ, ವಾರಾಣಸಿ, ಮಧುರೈಯಂಥ ಕೆಲವು ನಿಲ್ದಾಣಗಳಲ್ಲಿ ವಿಮಾನದ ಮಾದರಿಯ ಲೌಂಜ್ ತೆರೆದಿದೆ, ಅಲ್ಲಿಗೂ ಎರಡು ರೂಪಾಯಿಯ ಕಾರ್ಡ್ ಬಂದಿದೆ. ಬಳ್ಳಾರಿ ರೈಲು ನಿಲ್ದಾಣವೂ ನಿಲ್ದಾಣಗಳನ್ನು ಹೊಸದಾಗಿಸುವ ಅಮೃತ್ ಭಾರತ್ ಯೋಜನೆಯ ಪಟ್ಟಿಯಲ್ಲಿದೆ. ಹೊಸ ಮುಖಮಂಟಪ, ಹೊಸ ದೀಪ ಬರುವಾಗ ಹಜಾರದ ಕುರ್ಚಿಗಳನ್ನು ಯಾರಾದರೂ ಎಣಿಸಬೇಕು.

ಎಣಿಸುವುದಕ್ಕೆ ವಿಮಾನ ನಿಲ್ದಾಣ ಕಟ್ಟುವವರ ಬಳಿ ಒಂದು ಅಳತೆಗೋಲಿದೆ, ಅದು ಕಲಿಯತಕ್ಕದ್ದು. ಅಂತರರಾಷ್ಟ್ರೀಯ ವಿಮಾನ ಸಂಸ್ಥೆಗಳ ಒಕ್ಕೂಟವಾದ ಅಯಾಟಾದ ಕೈಪಿಡಿಯಲ್ಲಿ, ಹತ್ತುವ ಮೊದಲು ಕಾಯುವ ಜಾಗದಲ್ಲಿ ಕೂತವನಿಗೆ ಎಷ್ಟು ಚದರ ಮೀಟರ್, ನಿಂತವನಿಗೆ ಎಷ್ಟು ಚದರ ಮೀಟರ್ ಬೇಕೆಂದು ಬರೆದಿದೆ. ಜನ ಎಷ್ಟು ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ ಎಂದು ಲೆಕ್ಕ ಹಾಕಿ ಹಜಾರದ ಅಗಲ ತೀರ್ಮಾನಿಸುತ್ತಾರೆ. ಬಸ್ಸಿಗೆ ಕಾಯುವವನ ಮೈಯೂ ಅಷ್ಟೇ ಅಗಲ, ಅವನ ಕಾಲೂ ಅಷ್ಟೇ ನೋಯುತ್ತದೆ. ಅವನಿಗೇಕೆ ಆ ಅಳತೆಗೋಲು ಹಿಡಿಯಬಾರದು?

ಬಸ್ಸಿನ ಮಾತು ಬಂದಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಳ್ಳಾರಿ ವಿಭಾಗದ ಬಸ್ಸುಗಳಲ್ಲಿ ಅಂದಿನಿಂದ ಕಂಡ ಬದಲಾವಣೆ ಕಣ್ಣಿಗೆ ಕಟ್ಟುವಂಥದ್ದು. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಿಗೆ ಸುತ್ತಲಿನ ಹಳ್ಳಿಗಳಿಂದ ಬರುವ ಹೆಂಗಸರು, ಆಸ್ಪತ್ರೆಗೆ ಹೊರಟ ಬಸುರಿಯರು, ಕಾಲೇಜಿನ ಹುಡುಗಿಯರು, ಕುರುಗೋಡಿನ ದೊಡ್ಡಬಸವೇಶ್ವರನಿಗೆ ಹಣ್ಣುಕಾಯಿ ಮಾಡಿಸಲು ಹೊರಟ ಅಜ್ಜಿಯರು. ಮನೆಯ ಗಂಡಸಿನ ಮುಂದೆ ಬಸ್‌ಚಾರ್ಜಿಗೆ ಕೈ ಚಾಚಬೇಕಿದ್ದವರು ತಾವಾಗಿ ಹೊರಟರು. ಬಹು ದೊಡ್ಡ ಬಾಗಿಲು ತೆರೆಯಿತು, ತೆರೆದದ್ದು ನ್ಯಾಯವೂ ಹೌದು. ಆದರೆ ಬಾಗಿಲ ಹಿಂದಿನ ಮನೆ ಹಿಗ್ಗಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ದಾಟುವಾಗ ನೆರಳಿನ ತುಂಡಿಗೆ, ಒಂದು ಫ್ಯಾನಿನ ಕೆಳಗಿನ ಜಾಗಕ್ಕೆ, ನಲ್ಲಿಯ ನೀರಿಗೆ ಕಾದಾಟ. ಹೆಂಗಸರ ಓಡಾಟ ಹೆಚ್ಚಿತೆಂದರೆ ಹೆಂಗಸರ ಶೌಚಾಲಯ ಹೆಚ್ಚಬೇಕು, ಕೂಸಿಗೆ ಹಾಲೂಡಿಸಲು ಮರೆಯ ಜಾಗ ಬೇಕು. ಲೌಂಜಿನ ಕಾರ್ಡಿನಲ್ಲಿ ಬ್ಯಾಂಕು ಮಾಡಿದ ತಪ್ಪೂ ಇದೇ ಅಲ್ಲವೇ? ಕರೆದವರನ್ನು ಕೂರಿಸುವ ಜಾಗದ ಲೆಕ್ಕ ಹಾಕಲಿಲ್ಲ. ಬ್ಯಾಂಕು ಕರೆದದ್ದು ವ್ಯಾಪಾರಕ್ಕೆ, ಸರ್ಕಾರ ಕರೆದದ್ದು ಹಕ್ಕಿಗೆ. ಹಾಗಾಗಿ ಬ್ಯಾಂಕಿನಂತೆ ಕರೆಯನ್ನು ಹಿಂದೆಗೆದುಕೊಳ್ಳುವ ದಾರಿ ಇಲ್ಲಿ ಸಲ್ಲದು, ಮನೆಯನ್ನೇ ಹಿಗ್ಗಿಸಬೇಕು.

ಸಿರುಗುಪ್ಪದ ನಿಲ್ದಾಣಕ್ಕೆ ಇನ್ನೊಂದು ಹೊರೆಯಿದೆ. ತುಂಗಭದ್ರೆಯ ನೀರುಂಡ ಭತ್ತದ ಸೀಮೆ ಅದು. ಬಳ್ಳಾರಿ ಕಡೆಯ, ಸಿಂಧನೂರು ಕಡೆಯ, ಆಂಧ್ರದ ಆದೋನಿ ಕಡೆಯ ಬಸ್ಸುಗಳು ಅಲ್ಲಿ ಸೇರುತ್ತವೆ. ನಾಟಿ, ಕೊಯ್ಲಿನ ದಿನಗಳಲ್ಲಿ ಕೂಲಿಗೆ ಹೋಗುವ, ಬರುವ ಗುಂಪುಗಳು. ರೈಲಿಲ್ಲದ ಊರಿಗೆ ಬಸ್ ನಿಲ್ದಾಣವೇ ಜಂಕ್ಷನ್ನು.

ಪಾಳಿ ನಿಭಾಯಿಸುವ ಕಲೆ ಈ ಸೀಮೆಗೆ ಹೊಸದಲ್ಲ. ಏಕಶಿಲೆಯ ದೊಡ್ಡ ನಂದಿಯೇ ದೇವರಾದ ಕುರುಗೋಡಿನ ಜಾತ್ರೆಯಲ್ಲಾಗಲಿ, ಯಾವ ಮಠದ ದಾಸೋಹದಲ್ಲಾಗಲಿ ನೋಡಿ. ಸಾವಿರ ಸಾವಿರ ಜನ ಉಣ್ಣುತ್ತಾರೆ. ಒಂದು ಪಂಕ್ತಿ ಕೂರುತ್ತದೆ, ಬಡಿಸುವವರು ಸಾಲು ಹಿಡಿದು ಬರುತ್ತಾರೆ, ಉಂಡವರು ಒಟ್ಟಿಗೆ ಏಳುತ್ತಾರೆ, ನೆಲ ಒರೆಸುತ್ತಾರೆ, ಮುಂದಿನ ಪಂಕ್ತಿ. ಕಾಯುವವನಿಗೆ ತನ್ನ ಸರದಿ ಬರುವುದು ಖಾತ್ರಿ ಇರುವುದರಿಂದ ಅವನು ನುಗ್ಗುವುದಿಲ್ಲ. ಬಡವ, ಬಲ್ಲಿದ ಒಂದೇ ಚಾಪೆಯ ಮೇಲೆ. ಗೋಧಿ ಹುಗ್ಗಿಯೂ ಒಂದೇ. ಲೌಂಜಿನ ಬಫೆಯಲ್ಲಿ ಎಲ್ಲರೂ ಒಂದೇ ಪಾತ್ರೆಗೆ ಒಮ್ಮೆಗೇ ಮುಗಿಬೀಳುತ್ತಾರೆ. ಮತ್ತೆ ಸಿಗುತ್ತದೋ ಇಲ್ಲವೋ ಎಂದು ತಟ್ಟೆಯಲ್ಲಿ ಗುಡ್ಡೆ ಹಾಕಿಕೊಳ್ಳುತ್ತಾರೆ, ಅರ್ಧ ಚೆಲ್ಲುತ್ತಾರೆ. ಸಮಯ ಗೊತ್ತುಮಾಡಿ ಮೊದಲೇ ಜಾಗ ಕಾಯ್ದಿರಿಸುವ ವ್ಯವಸ್ಥೆಯನ್ನು ಕೆಲವು ಲೌಂಜುಗಳು ಈಗ ತಂದಿವೆ. ಪಂಕ್ತಿಯ ಜಾಣತನವನ್ನೇ ಅವು ಫೋನಿನ ಮೂಲಕ ಕಲಿಯುತ್ತಿವೆ ಎನ್ನಬಹುದು.

ವಿಮಾನ ನಿಲ್ದಾಣದಲ್ಲೂ ಹಜಾರವನ್ನು ಸರಿಪಡಿಸುವ ಯತ್ನ ಕೆಲವು ಕಡೆ ಕಂಡಿದೆ. 2024ರ ಡಿಸೆಂಬರಿನಲ್ಲಿ ಕೊಲ್ಕತ್ತಾ ನಿಲ್ದಾಣದಲ್ಲಿ ಉಡಾನ್ ಯಾತ್ರಿ ಕೆಫೆ ತೆರೆಯಿತು. ಆಗ ಚಹಾ 10 ರೂಪಾಯಿ, ನೀರಿನ ಬಾಟಲಿ 10 ರೂಪಾಯಿ, ಸಮೋಸ 20 ರೂಪಾಯಿ. ನಿಲ್ದಾಣದ ದುಬಾರಿ ತಿಂಡಿಯ ಬಗ್ಗೆ ಸಂಸತ್ತಿನಲ್ಲಿ ಮಾತೆದ್ದ ಮೇಲೆ ಬಂದದ್ದು ಇದು. 2025ರ ಫೆಬ್ರುವರಿಯಲ್ಲಿ ಚೆನ್ನೈಗೂ ಬಂತು. ಕಾರ್ಡ್ ಕೇಳದ, ಖರ್ಚಿನ ಲೆಕ್ಕ ಕೇಳದ ಇಂಥ ಒಂದು ಅಂಗಡಿ ಲೌಂಜಿನ ಮುಂದಿನ ಪಾಳಿಯನ್ನು ಹತ್ತು ನಿಯಮಗಳಿಗಿಂತ ಚೆನ್ನಾಗಿ ಕರಗಿಸಬಲ್ಲದು.

ಬಳ್ಳಾರಿಗೂ ವಿಮಾನಕ್ಕೂ ನಂಟು ಇಲ್ಲದಿಲ್ಲ. ತೋರಣಗಲ್ಲಿನ ಬಳಿಯ ವಿದ್ಯಾನಗರದಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆಯ ವಿಮಾನ ನಿಲ್ದಾಣವಿದೆ. ಒಂದು ತಾಸಿನಷ್ಟರ ಹಾರಾಟಕ್ಕೆ ನಿಗದಿತ ಸೀಟುಗಳಲ್ಲಿ 2,500 ರೂಪಾಯಿ ಮೀರದ ದರ ಎಂಬ ಉಡಾನ್ ಯೋಜನೆಯಲ್ಲಿ 2017ರ ಸೆಪ್ಟೆಂಬರಿನಿಂದ ಟ್ರೂಜೆಟ್ ವಿಮಾನಗಳು ಅಲ್ಲಿಂದ ಹೈದರಾಬಾದು, ಬೆಂಗಳೂರಿಗೆ ಹಾರಿದವು. ಎರಡು ರೆಕ್ಕೆಯಲ್ಲೂ ಪಂಖ ತಿರುಗುವ ಎಪ್ಪತ್ತು ಸೀಟಿನ ವಿಮಾನ, ಚಿಕ್ಕ ಟರ್ಮಿನಲ್ಲು, ಎಲ್ಲರಿಗೂ ಒಂದೇ ಹಜಾರ. 2022ರಲ್ಲಿ ಟ್ರೂಜೆಟ್ಟೇ ನಿಂತಿತು. ಇತ್ತ ಚಾಗನೂರು, ಸಿರಿವಾರದ ಬಳಿ ಹೊಸ ನಿಲ್ದಾಣಕ್ಕೆಂದು ನೀರಾವರಿ ಭೂಮಿಯನ್ನು ಸ್ವಾಧೀನ ಮಾಡಿಕೊಂಡಾಗ ರೈತರು ವರ್ಷಗಟ್ಟಲೆ ಹೋರಾಡಿದರು. 2010ರಲ್ಲಿ ಕೆಲಸವನ್ನು ಖಾಸಗಿ ಕಂಪನಿಯೊಂದಕ್ಕೆ ವಹಿಸಲಾಗಿತ್ತು, ಅದು ಮುಂದೆ ಸಾಗಲಿಲ್ಲ. ಬೆಳೆ ಬೆಳೆಯುತ್ತಿದ್ದ ಹೊಲವನ್ನು ಬಿಟ್ಟುಕೊಟ್ಟವರು ಆ ಊರಿನವರು. ಅಲ್ಲಿ ಎಂದಾದರೂ ಕಟ್ಟಡ ಎದ್ದರೆ ನಕ್ಷೆಯ ಮೊದಲ ಹಾಳೆಯಲ್ಲಿ ಲೌಂಜಿನ ಚಿತ್ರ ಬರುವ ಮೊದಲು ಹಜಾರದ ಚಿತ್ರ ಬರಬೇಕು. ಕುರ್ಚಿ ಎಷ್ಟು, ನಲ್ಲಿ ಎಷ್ಟು, ಒಂದು ಕಪ್ ಚಹಾಕ್ಕೆ ಎಷ್ಟು ಎಂದು ಬರೆದಿರಬೇಕು. ಭೂಮಿ ಕೊಟ್ಟವನು ಒಂದು ದಿನ ಮೊಮ್ಮಗನನ್ನು ಕಳಿಸಿಕೊಡಲು ಬಂದಾಗ ಅವನಿಗೆ ಕೂರಲು ಜಾಗವಿರಬೇಕು.

ಬಾಣಂತನಕ್ಕೆ ಹೋದ ತಾಯಿ ಆರು ತಿಂಗಳಿಗೆ ತಿರುಗಿ ಬರುತ್ತಾಳೆ. ಬೆಂಗಳೂರಿನಲ್ಲಿ ಇಳಿದು, ಅನಂತಪುರದ ದಾರಿಯ ರಾತ್ರಿ ಬಸ್ಸು ಹಿಡಿದು, ಬಳ್ಳಾರಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಕಾಲಿಡುತ್ತಾಳೆ. ಸಿರುಗುಪ್ಪದ ಮೊದಲ ಬಸ್ಸಿಗೆ ಇನ್ನೂ ಹೊತ್ತಿದೆ. ಎರಡು ಸೂಟ್‌ಕೇಸು ಪಕ್ಕದಲ್ಲಿಟ್ಟುಕೊಂಡು ಕೂರಲು ಆ ಹೊತ್ತಿಗೆ ಅವಳಿಗೊಂದು ಒರಗುಬೆಂಚು ಬೇಕು, ತಲೆಯ ಮೇಲೆ ತಿರುಗುವ ಫ್ಯಾನು ಬೇಕು, ಬೆಳಕಿರುವ, ಚಿಲಕ ಬೀಳುವ, ನೀರು ಬರುವ ಶೌಚಾಲಯ ಬೇಕು. ನಾಲ್ಕು ಗಂಟೆಗೆ ಅದರ ಬೀಗ ತೆಗೆದಿರಬೇಕು.